ಒಲವು ಬತ್ತಿದಾಗ

ಕಳೆದ ಮಳೆಗಾಲದ ಒಂದು ರಾತ್ರಿ. ಇಶಾ ನಮಾಝ್ ಮುಗಿದು ಜನರೆಲ್ಲ ಮನೆಗೆ ಹೋಗಿದ್ದರು. ಮಸೀದಿಯ ಜಗಲಿಯಲ್ಲಿ ಒಬ್ಬರು ಮಾತ್ರ ಉಳಿದಿದ್ದರು. ಅವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಹದಿನಾಲ್ಕು ವರ್ಷಗಳಿಂದ ಗಲ್ಫ್‌ನಲ್ಲಿ ದುಡಿಯುತ್ತಿರುವವರು, ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದರು. ಮಳೆ ಬಿಡಲೆಂದು ಕಾಯುತ್ತಿದ್ದಾರೆ ಎಂದುಕೊಂಡೆ. ಮಳೆ ಬಿಟ್ಟಿತು, ಅವರು ಏಳಲಿಲ್ಲ.

"ಉಸ್ತಾದರೇ, ಒಂದು ಮಾತು ಕೇಳಲಿಕ್ಕಿತ್ತು" ಎಂದರು. ಬಹಳ ಹೊತ್ತು ಬೇರೆ ಏನೇನೋ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. "ನನ್ನ ಹೆಂಡತಿಯಲ್ಲಿ ಒಂದು ತಪ್ಪೂ ಇಲ್ಲ. ಕಾಯಿಲೆಯ ನನ್ನ ಉಮ್ಮನನ್ನು ಕೊನೆಯವರೆಗೆ ಅವಳೇ ನೋಡಿಕೊಂಡಳು. ಮಕ್ಕಳನ್ನು ಅವಳೇ ಬೆಳೆಸಿದಳು. ಆದರೆ ನನಗೆ ಅವಳ ಮೇಲೆ ಮನಸ್ಸೇ ಇಲ್ಲದಂತಾಗಿದೆ. ಮೊದಲು ಇತ್ತು, ಯಾವಾಗ ಹೋಯಿತೆಂದು ಗೊತ್ತಿಲ್ಲ. ಒಳಗೆ ಏನೂ ಇಲ್ಲದೆ ಹೊರಗೆ ಪ್ರೀತಿಯಿಂದ ನಡೆದುಕೊಂಡರೆ ಅದು ನಾಟಕವಲ್ಲವೇ? ಅಲ್ಲಾಹನ ಮುಂದೆ ಅದು ನಿಫಾಕ್ ಆಗುವುದಿಲ್ಲವೇ?"

ಕಲಿತದ್ದನ್ನು ಹೇಳಿದೆ. ಸಹನೆಯ ಮಹತ್ವ, ಹೆಂಡತಿಯ ಹಕ್ಕುಗಳು, ಮಕ್ಕಳ ಭವಿಷ್ಯ. ಅವರು ತಲೆಯಾಡಿಸಿ, ಸಲಾಮ್ ಹೇಳಿ ಹೋದರು. ಅವರ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲಿ ಮನೆಗೆ ಬಂತು.

ಮನೆಯಲ್ಲಿ ಅನ್ನ ಮತ್ತು ಮೀನಿನ ಸಾರನ್ನು ತಟ್ಟೆ ಮುಚ್ಚಿ ಇಟ್ಟಿತ್ತು. ಮಡದಿ ಕಿರಿಯ ಮಗಳೊಂದಿಗೆ ಮಲಗಿದ್ದಳು. ಒಬ್ಬನೇ ಕುಳಿತು ಉಣ್ಣುವಾಗ ಯೋಚನೆ ಬಂತು: ಈ ವಾರ ನಾವಿಬ್ಬರು ಏನು ಮಾತಾಡಿದೆವು? ಗ್ಯಾಸ್ ಮುಗಿದದ್ದು, ದೊಡ್ಡವಳ ಶಾಲೆಯ ಫೀಸು, ಉಮ್ಮನ ಮಾತ್ರೆ. ಬೇರೆ ಏನೂ ನೆನಪಾಗಲಿಲ್ಲ. ನಮ್ಮ ನಿಕಾಹ್ ಆಗಿ ಹನ್ನೊಂದು ವರ್ಷ. ಜಗಳವಿಲ್ಲ, ಆದರೆ ಮಾತೂ ಇಲ್ಲ. ಇನ್ನೊಬ್ಬರಿಗೆ ಉತ್ತರ ಕೊಟ್ಟು ಬಂದ ನಾನು ಅದೇ ಪ್ರಶ್ನೆಯೊಳಗೆ ಕುಳಿತು ಅನ್ನ ಉಣ್ಣುತ್ತಿದ್ದೆ. ಅವರ ಒಪ್ಪಿಗೆಯನ್ನೂ ನನ್ನ ಮಡದಿಯ ಒಪ್ಪಿಗೆಯನ್ನೂ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಇದು ನಮ್ಮ ಎರಡು ಮನೆಗಳ ಪ್ರಶ್ನೆ ಮಾತ್ರವಲ್ಲ ಎಂದು ನನಗೆ ತೋರುತ್ತದೆ.

'ನನಗೆ' ಮತ್ತು 'ನಾನು'

ಮದ್ರಸದ ಓದು ಮುಗಿಸಿದ ಮೇಲೆ ನಾನು ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡು ಬಿ.ಎ. ಮಾಡಿದವನು. ವ್ಯಾಕರಣದ ತರಗತಿಯಲ್ಲಿ ಕಲಿತ ಒಂದು ಸಣ್ಣ ವಿಷಯ ಆ ರಾತ್ರಿ ನೆನಪಾಯಿತು. ಮನಸ್ಸಿನಲ್ಲಿ ತಾನಾಗಿ ಹುಟ್ಟುವುದನ್ನು ನಮ್ಮ ಭಾಷೆಯಲ್ಲಿ ಹೆಚ್ಚಾಗಿ ಚತುರ್ಥಿ ವಿಭಕ್ತಿಯಲ್ಲಿ ಹೇಳುತ್ತೇವೆ. ನನಗೆ ಸಿಟ್ಟು ಬಂತು. ನನಗೆ ಬೇಸರವಾಯಿತು. ನನಗೆ ಅವಳು ಇಷ್ಟವಾದಳು. ಇವುಗಳಲ್ಲಿ ಕೆಲಸ ಮಾಡಿದವನು ನಾನಲ್ಲ. ಹಸಿವು, ಬಾಯಾರಿಕೆ ಆಗುವ ಹಾಗೆ ಅವು ನನಗೆ ಆಗುತ್ತವೆ. ಆದರೆ ನಾವೇ ಮಾಡುವ ಕೆಲಸವನ್ನು ಹೇಳುವಾಗ 'ನಾನು' ಎನ್ನುತ್ತೇವೆ. ನಾನು ಕೇಳಿದೆ, ನಾನು ಕಾದೆ, ನಾನು ಕ್ಷಮಿಸಿದೆ, ನಾನು ಮಾತು ಕೊಟ್ಟೆ.

ನಿಕಾಹ್‌ನ ಸಭೆಯಲ್ಲಿ ವಧುವಿನ ವಲಿಯ ಕೈಹಿಡಿದು ವರನು ಹೇಳುವ ಮಾತು ಯಾವುದು? ನನಗೆ ಇವಳು ಇಷ್ಟವಾಗಿದ್ದಾಳೆ ಎಂದಲ್ಲ, ನಾನು ಸ್ವೀಕರಿಸಿದ್ದೇನೆ ಎಂದು. ದಾಂಪತ್ಯವು ನಿಂತಿರುವುದು 'ನಾನು' ಎಂಬ ಈ ಮಾತಿನ ಮೇಲೆ. ನನಗೆ ಆದದ್ದು ನಾಳೆ ಆಗದೆಯೂ ಹೋಗಬಹುದು. ನಾನು ಕೊಟ್ಟ ಮಾತು ಹಾಗಲ್ಲ, ಅದಕ್ಕೆ ನಾನೇ ಹೊಣೆ. ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 21ನೇ ಸೂಕ್ತದಲ್ಲಿ ಇದನ್ನು ಪತ್ನಿಯರು ಪತಿಯಂದಿರಿಂದ ಪಡೆದ ಬಲವಾದ ಕರಾರು ಎಂದು ಕರೆದಿದೆ.

ಈ ವ್ಯತ್ಯಾಸವನ್ನು ಪ್ರವಾದಿ(ಸ)ರ ಒಂದು ಪ್ರಾರ್ಥನೆಯಲ್ಲಿಯೂ ಕಾಣುತ್ತೇವೆ. ಅವರು ತಮ್ಮ ಪತ್ನಿಯರ ನಡುವೆ ದಿನಗಳನ್ನು ನ್ಯಾಯವಾಗಿ ಹಂಚುತ್ತಿದ್ದರು. ಬಳಿಕ, ತನ್ನ ಅಧೀನದಲ್ಲಿರುವ ವಿಷಯದಲ್ಲಿ ತಾನು ಮಾಡಿದ ಹಂಚಿಕೆ ಇದು, ತನ್ನ ಅಧೀನದಲ್ಲಿಲ್ಲದೆ ಅಲ್ಲಾಹನ ಅಧೀನದಲ್ಲಿರುವ ವಿಷಯಕ್ಕಾಗಿ ತನ್ನನ್ನು ದೂಷಿಸದಿರಲಿ ಎಂದು ಬೇಡುತ್ತಿದ್ದರು. ಇದನ್ನು ವರದಿ ಮಾಡಿದ ಇಮಾಮ್ ಅಬೂದಾವೂದ್, ಇಲ್ಲಿ ಉದ್ದೇಶಿಸಿರುವುದು ಹೃದಯವನ್ನು ಎಂದು ವಿವರಿಸಿದ್ದಾರೆ. ಹೃದಯದ ಒಲವಿಗೆ ತಾವು ಒಡೆಯರಲ್ಲ ಎಂದು ಅಲ್ಲಾಹನ ಸಂದೇಶವಾಹಕರೇ ಹೇಳಿದ ಮೇಲೆ ನಾವೆಷ್ಟರವರು? ಆದ್ದರಿಂದ ಒಲವು ಬತ್ತಿದ್ದಕ್ಕೆ ಮಾತ್ರ ಯಾರೂ ಪಾಪಿಯಾಗುವುದಿಲ್ಲ. ಆ ಬಳಿಕ ಏನು ಮಾಡುತ್ತೇವೆ ಎಂಬುದರ ಬಗ್ಗೆ ವಿಚಾರಣೆಯಿದೆ.

ಕೊಡುಗೆ ಮತ್ತು ಆಜ್ಞೆ

ನಿಕಾಹ್‌ನ ಆಮಂತ್ರಣ ಪತ್ರಿಕೆಗಳಲ್ಲಿ ಅರ್ರೂಮ್ ಅಧ್ಯಾಯದ 21ನೇ ಸೂಕ್ತವನ್ನು ಅಚ್ಚು ಹಾಕಿಸುವುದು ನಮ್ಮಲ್ಲಿ ರೂಢಿ. ನೆಮ್ಮದಿ ಪಡೆಯಲೆಂದು ಅಲ್ಲಾಹನು ನಮ್ಮಿಂದಲೇ ನಮಗೆ ಜೋಡಿಗಳನ್ನು ಸೃಷ್ಟಿಸಿದನೆಂದೂ, ನಮ್ಮ ನಡುವೆ ಪ್ರೀತಿಯನ್ನೂ ಕರುಣೆಯನ್ನೂ ಇರಿಸಿದನೆಂದೂ ಆ ಸೂಕ್ತ ತಿಳಿಸುತ್ತದೆ. ಗಮನಿಸಿ, ಇಲ್ಲಿ ಪ್ರೀತಿಸಿರಿ ಎಂಬ ಆಜ್ಞೆ ಇಲ್ಲ. ಪ್ರೀತಿಯನ್ನು ಅಲ್ಲಾಹನು ತನ್ನ ದೃಷ್ಟಾಂತಗಳಲ್ಲಿ ಒಂದಾಗಿ, ಮಳೆ ಮಿಂಚುಗಳ ಸಾಲಿನಲ್ಲಿ ಹೇಳಿದ್ದಾನೆ. ಅದು ಅವನ ಕೊಡುಗೆ.

ಆಜ್ಞೆ ಇರುವುದು ಬೇರೆ ಕಡೆ, ಅನ್ನಿಸಾ ಅಧ್ಯಾಯದ 19ನೇ ಸೂಕ್ತದಲ್ಲಿ. ಅಲ್ಲಿ ಅಲ್ಲಾಹನು ಗಂಡಸರನ್ನು ಉದ್ದೇಶಿಸಿ, ಪತ್ನಿಯರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳಿರೆಂದು ಆದೇಶಿಸುತ್ತಾನೆ. ಆದೇಶ ಅಲ್ಲಿಗೇ ಮುಗಿಯುವುದಿಲ್ಲ. ಅವರು ನಿಮಗೆ ಇಷ್ಟವಾಗದಿದ್ದರೆ ಎಂದು ಮುಂದುವರಿಯುತ್ತದೆ. ನಮಗೆ ಇಷ್ಟವಾಗದ ಒಂದರಲ್ಲಿ ಅಲ್ಲಾಹನು ಬಹಳಷ್ಟು ಒಳಿತನ್ನು ಇಟ್ಟಿರಬಹುದೆಂದು ತಿಳಿಸುತ್ತದೆ. ಈ ಕಾಗದವನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ! ಮೊದಲ ಸೂಕ್ತ ಮದುವೆಯ ದಿನದ್ದು, ಎರಡನೆಯದು ಹತ್ತು ವರ್ಷಗಳ ಬಳಿಕದ್ದು. ಇಷ್ಟ ಇಲ್ಲವಾಗುವ ದಿನವೂ ಬರಬಹುದೆಂದು ನಮ್ಮ ಸೃಷ್ಟಿಕರ್ತನಿಗೆ ಗೊತ್ತಿತ್ತು. ಆ ದಿನಕ್ಕೆಂದೇ ಅವನು ಈ ಮಾತನ್ನು ಮೊದಲೇ ಇಳಿಸಿಟ್ಟಿದ್ದಾನೆ.

ಇನ್ನೊಂದು ವಿಷಯವನ್ನೂ ನಾವು ಗಂಡಸರು ಮರೆಯಬಾರದು. ನಮ್ಮ ಪ್ರವಚನಗಳಲ್ಲಿ ಸಬ್ರ್‌ನ ಪಾಠ ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತದೆ. ಆದರೆ ಇಷ್ಟವಿಲ್ಲದಾಗಲೂ ಒಳ್ಳೆಯ ರೀತಿಯಲ್ಲಿ ಬಾಳಬೇಕೆಂಬ ಈ ಆದೇಶ ಮೊದಲು ಬಂದಿರುವುದು ಗಂಡಸರಿಗೆ. ಸತ್ಯವಿಶ್ವಾಸಿಯು ಸತ್ಯವಿಶ್ವಾಸಿನಿಯನ್ನು ದ್ವೇಷಿಸಬಾರದು, ಅವಳ ಒಂದು ಗುಣ ಹಿಡಿಸದಿದ್ದರೆ ಇನ್ನೊಂದು ಗುಣ ಹಿಡಿಸೀತು ಎಂಬ ಅರ್ಥದ ಹದೀಸ್ ಅನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಹಿಡಿಸುವ ಆ ಇನ್ನೊಂದು ಗುಣ ತಾನಾಗಿ ಕಣ್ಣಿಗೆ ಬೀಳದು. ಅದನ್ನು ಹುಡುಕಿ ನೋಡಬೇಕು. ಈ ಹುಡುಕಾಟವೂ 'ನಾನು' ಮಾಡಬೇಕಾದ ಕೆಲಸವೇ.

ನಾಟಕವೇ?

ಈಗ ಆ ಸಹೋದರರ ಪ್ರಶ್ನೆಗೆ ಬರೋಣ. ಮನಸ್ಸಿನಲ್ಲಿ ಒಲವಿಲ್ಲದೆ ಒಲವಿನ ಕೆಲಸ ಮಾಡುವುದು ನಾಟಕವಲ್ಲವೇ?

ಫಜ್ರ್ ನಮಾಝ್‌ಗೆ ಎದ್ದ ಎಲ್ಲ ದಿನಗಳಲ್ಲೂ ನಮ್ಮ ಹೃದಯ ಭಕ್ತಿಯಿಂದ ತುಂಬಿರುತ್ತದೆಯೇ? ಎಷ್ಟೋ ದಿನ ಕಣ್ಣಲ್ಲಿ ನಿದ್ದೆ, ತಲೆಯಲ್ಲಿ ಸಾಲದ ಲೆಕ್ಕ. ಹಾಗೆಂದು, ಖುಶೂ ಬಂದ ಮೇಲೆ ನಮಾಝ್ ಮಾಡುತ್ತೇನೆ, ಅದಿಲ್ಲದೆ ನಿಂತರೆ ನಿಫಾಕ್ ಆಗುತ್ತದೆ ಎಂದು ಯಾರಾದರೂ ಮಲಗಿದರೆ ನಾವು ಒಪ್ಪುವುದಿಲ್ಲ. ಖುಶೂ ಬರುವುದಿದ್ದರೆ ಅದು ನಿಂತವನಿಗೇ ಬರುತ್ತದೆ. ಮುನಾಫಿಕನು ವಂಚಿಸಲೆಂದೇ ಒಳಗಿನದನ್ನು ಮುಚ್ಚಿ ಹೊರಗೆ ಬೇರೆಯದನ್ನು ತೋರಿಸುತ್ತಾನೆ. ಮನಸ್ಸು ಹಿಂದೆ ಉಳಿದಿದ್ದರೂ ಅಲ್ಲಾಹನ ಆದೇಶಕ್ಕಾಗಿ ಕೈಕಾಲುಗಳನ್ನು ಮುಂದೆ ನಡೆಸುವವನು ಯಾರನ್ನೂ ವಂಚಿಸುತ್ತಿಲ್ಲ, ಅವನು ತನ್ನ ನಫ್ಸ್‌ನೊಂದಿಗೆ ಹೋರಾಡುತ್ತಿದ್ದಾನೆ. ಕಾಯಿಲೆ ಬಿದ್ದ ಹೆಂಡತಿಗೆ ಗಂಜಿ ಕಾಯಿಸಿ ಕೊಟ್ಟವನು ಯಾವ ಸುಳ್ಳನ್ನೂ ಹೇಳಿದಂತಾಗುವುದಿಲ್ಲ. ಗಂಜಿ ಗಂಜಿಯೇ. ಅಲ್ಲಾಹನ ಸಂಪ್ರೀತಿಗಾಗಿ ಮಾಡುವ ಖರ್ಚಿಗೆಲ್ಲ ಪ್ರತಿಫಲವಿದೆ, ಪತ್ನಿಯ ಬಾಯಿಗೆ ಇಡುವ ತುತ್ತಿಗೂ ಇದೆ ಎಂದು ಪ್ರವಾದಿ(ಸ)ರು ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ತಿಳಿಸಿದ್ದರು. ಅಲ್ಲಿ ಕೇಳಲಾದ ಷರತ್ತು ನಿಯ್ಯತ್. ತುತ್ತು ಇಡುವಾಗ ಎದೆ ಎಷ್ಟು ಉಕ್ಕಿರಬೇಕೆಂದು ಹೇಳಲಾಗಿಲ್ಲ.

ಇಮಾಮ್ ಗಝ್ಝಾಲಿ (1058-1111) ತಮ್ಮ 'ಇಹ್ಯಾಉ ಉಲೂಮಿದ್ದೀನ್' ಗ್ರಂಥದಲ್ಲಿ ನಫ್ಸ್‌ನ ತರಬೇತಿಯ ಬಗ್ಗೆ ಬರೆಯುತ್ತಾ ಸುಂದರ ಲಿಪಿ ಬರೆಯುವವನ ಉದಾಹರಣೆ ಕೊಡುತ್ತಾರೆ. ನಿಪುಣ ಲಿಪಿಕಾರನಾಗಬೇಕೆಂಬವನು ಮೊದಲು ನಿಪುಣನು ಮಾಡುವುದನ್ನು ನೋಡಿ ಕಷ್ಟಪಟ್ಟು ಕೈಯಿಂದ ಹಾಗೆಯೇ ಬರೆಯುತ್ತಾನೆ. ಬರೆಯುತ್ತಾ ಬರೆಯುತ್ತಾ ಅದು ಅವನ ಸ್ವಭಾವವಾಗುತ್ತದೆ. ಕೊನೆಗೆ ಮೊದಲು ಪ್ರಯತ್ನದಿಂದ ಬಂದದ್ದು ಸಹಜವಾಗಿಯೇ ಬರುತ್ತದೆ. ಒಳ್ಳೆಯ ಗುಣಗಳೂ ಹೀಗೆಯೇ ಎಂಬುದು ಇಮಾಮರ ವಾದ. ಕೈ ಮಾಡಿದ್ದು ಹೃದಯಕ್ಕೆ ಇಳಿಯುತ್ತದೆ, ಹೃದಯಕ್ಕೆ ಇಳಿದದ್ದು ಮತ್ತೆ ಕೈಯಲ್ಲಿ ಕಾಣುತ್ತದೆ.

ಮಕ್ಕಳಿಗೆ ಅಕ್ಷರ ಕಲಿಸುವ ನನಗೆ ಇದರಲ್ಲಿ ಸಂಶಯವಿಲ್ಲ. ಕಾಪಿ ಪುಸ್ತಕದ ಮೊದಲ ಸಾಲಿನಲ್ಲಿ ನಾನು 'ಐನ್' ಬರೆದುಕೊಡುತ್ತೇನೆ. ಕೆಳಗೆ ಮಗು ಬರೆಯುವ ಅಕ್ಷರ ಸೊಟ್ಟ. ಎರಡನೆಯ ಪುಟದಲ್ಲಿಯೂ ಸೊಟ್ಟ. ಆ ಮಗುವಿಗೆ, "ನಿನಗೆ ಐನ್ ಒಲಿದಿಲ್ಲ, ಆದ್ದರಿಂದ ನೀನು ಬರೆಯುವುದು ನಾಟಕ" ಎಂದು ಯಾವ ಉಸ್ತಾದನೂ ಹೇಳುವುದಿಲ್ಲ. ಇನ್ನೊಂದು ಪುಟ ಬರೆ ಎನ್ನುತ್ತಾನೆ. ಮಕ್ಕಳಿಗೆ ದಿನವೂ ಹೇಳುವ ಈ ಮಾತನ್ನು ನಾನು ನನಗೇ ಒಮ್ಮೆಯೂ ಹೇಳಿಕೊಂಡಿರಲಿಲ್ಲ.

ಪ್ರವಾದಿ(ಸ)ರ ಮನೆ

ದಾಂಪತ್ಯದಲ್ಲಿ ನೋಡಿ ಬರೆಯಬೇಕಾದ ಆ ಮೊದಲ ಸಾಲು ಯಾವುದು? ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ಒಂದು ಸಮುದಾಯದ ಹೊಣೆ ಹೆಗಲ ಮೇಲಿದ್ದವರು ಮನೆಯ ಕೆಲಸಕ್ಕೆ ಸಮಯ ಇಟ್ಟಿದ್ದರು. ಆಯಿಶಾ(ರ)ರು ಪ್ರಸನ್ನರಾಗಿದ್ದಾಗ ಮುಹಮ್ಮದರ ಪ್ರಭುವಿನ ಆಣೆ ಎನ್ನುತ್ತಾರೆ, ಮುನಿಸಿದ್ದಾಗ ಇಬ್ರಾಹೀಮರ ಪ್ರಭುವಿನ ಆಣೆ ಎನ್ನುತ್ತಾರೆ ಎಂಬುದನ್ನು ಅವರು ಗುರುತಿಸಿದ್ದರು. ಮಡದಿಯ ಮಾತಿನ ಇಷ್ಟು ಸೂಕ್ಷ್ಮ ವ್ಯತ್ಯಾಸ ತಿಳಿಯಬೇಕಾದರೆ ಕಿವಿಗೊಟ್ಟು ಕೇಳಿರಬೇಕು. ನಮ್ಮಲ್ಲಿ ಎಷ್ಟು ಮಂದಿಗೆ ಮಡದಿಯ ಮುನಿಸು ಅವಳು ಬಾಗಿಲು ಬಡಿಯುವ ಮೊದಲು ತಿಳಿಯುತ್ತದೆ?

ಹಝ್ರತ್ ಖದೀಜಾ(ರ) ಜೊತೆಗೆ ಅವರ ದಾಂಪತ್ಯ ಸುಮಾರು 25 ವರ್ಷ ಸಾಗಿತು. ಹಿಜರಿಗೆ ಸುಮಾರು 3 ವರ್ಷ ಮೊದಲು ಖದೀಜಾ(ರ) ನಿಧನರಾದರು. ಅದರ ಎಷ್ಟೋ ವರ್ಷಗಳ ಬಳಿಕ ಮದೀನಾದಲ್ಲಿ ಪ್ರವಾದಿ(ಸ)ರು ಆಡು ಕುರಿ ಕೊಯ್ದಾಗ ಮಾಂಸದ ಪಾಲನ್ನು ಖದೀಜಾ(ರ)ರ ಗೆಳತಿಯರ ಮನೆಗೆ ಕಳುಹಿಸುತ್ತಿದ್ದರು. ಇದನ್ನು ತಿಳಿಸಿದವರು ಆಯಿಶಾ(ರ)ರೇ, ತಮಗೆ ಖದೀಜಾ(ರ)ರ ಮೇಲೆ ಉಂಟಾಗುತ್ತಿದ್ದ ಮತ್ಸರವನ್ನೂ ಮುಚ್ಚಿಡದೆ. ಮುಗುಳ್ನಗೆಯಿಂದ ಪ್ರತಿಸ್ಪಂದಿಸಲು ಆ ಪತ್ನಿ ಈಗ ಇಲ್ಲ. ಆದರೂ ಪ್ರೀತಿ ಒಂದು ಕೆಲಸವಾಗಿ ಉಳಿದಿತ್ತು: ಮಾಂಸ ಕೊಯ್ಯುವುದು, ಪಾಲು ಮಾಡುವುದು, ಕಳುಹಿಸುವುದು.

ಮಿತಿ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಏಕೆಂದರೆ ಈ ಮಾತುಗಳನ್ನೇ ಹಿಡಿದು ಯಾರಾದರೂ ಬಡಿತ ತಿನ್ನುವ ಸಹೋದರಿಗೆ, "ಪ್ರೀತಿಸುವುದನ್ನು ಅಭ್ಯಾಸ ಮಾಡಿಕೋ" ಎಂದು ಉಪದೇಶಿಸಬಹುದು. ಅದು ಇಸ್ಲಾಮ್ ಅಲ್ಲ. ಒಲವು ಬತ್ತುವುದು ಬೇರೆ, ದೌರ್ಜನ್ಯ ಬೇರೆ. ಹೊಡೆಯುವ, ಹಸಿವಿನಲ್ಲಿ ಬಿಡುವ, ಮಾನ ಕಳೆಯುವ ಮನೆಯಲ್ಲಿ ಮೊದಲು ನಿಲ್ಲಬೇಕಾದದ್ದು ಅನ್ಯಾಯ. ಅಲ್ಲಿ ಜಮಾಅತ್‌ನ ಹಿರಿಯರು ಪೀಡಿತಳ ಬೆನ್ನಿಗೆ ನಿಲ್ಲಬೇಕು.

ದೌರ್ಜನ್ಯವಿಲ್ಲದ ಕಡೆಯಲ್ಲಿಯೂ ಒಲವನ್ನು ಹೇರಲಾಗದು. ದಾಸ್ಯದಿಂದ ಬಿಡುಗಡೆಯಾದ ಬರೀರಾ(ರ)ರಿಗೆ ತಮ್ಮ ಪತಿ ಮುಗೀಸ್(ರ)ರೊಂದಿಗೆ ಬಾಳುವ ಅಥವಾ ಬೇರ್ಪಡುವ ಆಯ್ಕೆ ದೊರೆಯಿತು. ಅವರು ಬೇರ್ಪಡುವುದನ್ನು ಆರಿಸಿದರು. ಮುಗೀಸ್(ರ) ಗಡ್ಡ ತೋಯುವಂತೆ ಅಳುತ್ತಾ ಮದೀನಾದ ಬೀದಿಗಳಲ್ಲಿ ಅವರ ಹಿಂದೆ ನಡೆಯುತ್ತಿದ್ದರು. ಮನಸ್ಸು ಬದಲಿಸಬಹುದಲ್ಲವೇ ಎಂದು ಪ್ರವಾದಿ(ಸ)ರು ಕೇಳಿದಾಗ, ಇದು ಆಜ್ಞೆಯೇ ಎಂದು ಬರೀರಾ(ರ) ವಿಚಾರಿಸಿದರು. ಆಜ್ಞೆಯಲ್ಲ, ಶಿಫಾರಸು ಮಾತ್ರ ಎಂದು ಉತ್ತರ ಬಂತು. ಹಾಗಾದರೆ ಬೇಡವೆಂದರು. ಪ್ರವಾದಿ(ಸ)ರು ಒತ್ತಾಯಿಸಲಿಲ್ಲ. ಸಾಬಿತ್ ಬಿನ್ ಕೈಸ್(ರ)ರ ಪತ್ನಿಯೂ ಪತಿಯ ಧರ್ಮನಿಷ್ಠೆಯಲ್ಲಾಗಲಿ ಗುಣದಲ್ಲಾಗಲಿ ದೋಷ ಹೇಳಲಿಲ್ಲ. ಜೊತೆಗೆ ಬಾಳಲಾಗದು ಎಂದಷ್ಟೇ ಹೇಳಿದರು. ಮಹರ್ ಆಗಿ ಪಡೆದ ತೋಟವನ್ನು ಮರಳಿಸಿ ಖುಲಾ ಪಡೆಯಲು ಅವರಿಗೆ ದಾರಿಯಾಯಿತು. ಬೇರೆ ದಾರಿಯೇ ಇಲ್ಲದಾಗ ಒಳ್ಳೆಯ ರೀತಿಯಲ್ಲಿ ಬೇರ್ಪಡಲು ಶರೀಅತ್ ಬಾಗಿಲು ತೆರೆದಿಟ್ಟಿದೆ. ಆ ಬಾಗಿಲಿಗೆ ಮೊದಲು ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸುವ ವ್ಯವಸ್ಥೆಯನ್ನೂ ಕುರ್‌ಆನ್ ಕಲಿಸಿದೆ.

ಇದರಿಂದ ನಾನು ಅರಿತದ್ದು ಇಷ್ಟು. ಒಲವನ್ನು ಆರಿಸಿಕೊಳ್ಳಬೇಕೆಂಬ ಉಪದೇಶವನ್ನು ನಾನು ನನಗೆ ಮಾತ್ರ ಆಜ್ಞೆಯಾಗಿ ಕೊಟ್ಟುಕೊಳ್ಳಬಹುದು. ನನ್ನ ಸಂಗಾತಿಗೆ ಅದು ಹೆಚ್ಚೆಂದರೆ ಶಿಫಾರಸು. "ನೀನು ಮೊದಲು ಬದಲಾಗು, ಆಮೇಲೆ ನಾನು" ಎಂದು ಇಬ್ಬರೂ ಕಾಯುವ ಮನೆಯಲ್ಲಿ ಕಾಪಿ ಪುಸ್ತಕದ ಪುಟಗಳು ಖಾಲಿಯಾಗಿಯೇ ಉಳಿಯುತ್ತವೆ.

ಇನ್ನೊಂದು ಪುಟ

ಮರುದಿನದಿಂದ ನಾನು ಮೂರು ಸಣ್ಣ ಕೆಲಸಗಳನ್ನು ಹಿಡಿದುಕೊಂಡೆ. ಮನೆಗೆ ಬಂದ ಕೂಡಲೇ ಮೊಬೈಲನ್ನು ಕಪಾಟಿನ ಮೇಲೆ ಇಡುವುದು. ಅವಳ ದಿನ ಹೇಗಿತ್ತೆಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರುವುದು. ರಾತ್ರಿಯ ಪಾತ್ರೆ ತೊಳೆಯುವುದು. ಮೊದಲ ದಿನ ಅವಳು ನನ್ನ ಹಣೆ ಮುಟ್ಟಿ ನೋಡಿ, "ಏನು, ಜ್ವರ ಉಂಟಾ ನಿಮಗೆ?" ಎಂದಳು. ಎರಡನೆಯ ವಾರ, "ಏನೋ ತಪ್ಪು ಮಾಡಿ ಬಂದಿದ್ದೀರಿ, ಹೇಳಿಬಿಡಿ" ಎಂದಳು. ನನಗೆ ಒಳಗೊಳಗೆ ನಾಚಿಕೆಯಾಯಿತು. ದಿನ ಹೇಗಿತ್ತೆಂದು ಗಂಡ ಕೇಳಿದರೆ ಹೆಂಡತಿಗೆ ಸಂಶಯ ಬರುವಷ್ಟು ದೂರ ನಾನು ಹೋಗಿದ್ದೆ. ನನ್ನ ಅಕ್ಷರ ಬಹಳ ಸೊಟ್ಟವಿತ್ತು. ಕೆಲವು ದಿನ ಬೇಸರದಿಂದಲೇ ಪಾತ್ರೆ ತೊಳೆದೆ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಅವಳು ತಾನಾಗಿಯೇ, ತನ್ನ ಉಪ್ಪ ತೀರಿಕೊಂಡ ದಿನದ ಬಗ್ಗೆ ಹೇಳತೊಡಗಿದಳು. ಅದಾಗಿ ಆರು ವರ್ಷ. ಆ ದಿನ ನಾನು ಜನಾಝಾದ ವ್ಯವಸ್ಥೆಯಲ್ಲಿ ಓಡಾಡಿದ್ದೆ, ಅವಳ ಬಳಿ ಕುಳಿತಿರಲಿಲ್ಲ. ಅದನ್ನು ಅವಳು ಆರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಆ ರಾತ್ರಿ ನಾನು ಎದ್ದು ಹೋಗದೆ ಕೇಳಿದೆ. ಮದುವೆಯಾದ ಹೊಸತರಲ್ಲಿ ಇದ್ದ ಆ ಉತ್ಸಾಹ ಮರಳಿತೇ ಎಂದು ಕೇಳಿದರೆ ಇಲ್ಲ ಎನ್ನಬೇಕು. ಬೇರೆ ಏನೋ ಬಂದಿದೆ. ಅರ್ರೂಮ್ ಅಧ್ಯಾಯದ ಆ ಸೂಕ್ತದಲ್ಲಿ ಪ್ರೀತಿಯ ಜೊತೆಗೆ ಕರುಣೆಯನ್ನೂ ಏಕೆ ಹೇಳಲಾಗಿದೆ ಎಂಬುದು ಸ್ವಲ್ಪ ಅರ್ಥವಾಗಿದೆ.

ಆ ಸಹೋದರರು ಮರಳಿ ಹೊರಡುವ ಮೊದಲು ಮತ್ತೊಮ್ಮೆ ಭೇಟಿಯಾಗಿದ್ದೆ. ಆ ರಾತ್ರಿ ಕೊಟ್ಟ ಉತ್ತರ ಬಾಯಿಪಾಠದ್ದೆಂದು ಒಪ್ಪಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ವಾದಿಸಲೂ ಇಲ್ಲ. ಕಳೆದ ತಿಂಗಳು ಅಲ್ಲಿಂದ ಫೋನ್ ಮಾಡಿದ್ದರು. "ಮನಸ್ಸು ಬಂತೇ ಎಂದು ಕೇಳಬೇಡಿ ಉಸ್ತಾದರೇ, ನನಗೆ ಗೊತ್ತಿಲ್ಲ. ದಿನವೂ ಅಸರ್ ಆದ ಮೇಲೆ ಅವಳಿಗೆ ಫೋನ್ ಮಾಡುತ್ತೇನೆ. ಮೊದಲು ಮಕ್ಕಳ ಬಗ್ಗೆ ಮಾತ್ರ ಕೇಳುತ್ತಿದ್ದೆ, ಈಗ ಅವಳ ಬಗ್ಗೆಯೂ ಕೇಳುತ್ತೇನೆ. ಈ ಸಲ ಏರ್‌ಪೋರ್ಟಿಗೆ ಅವಳೂ ಬಂದಿದ್ದಳು. ಹದಿನಾಲ್ಕು ವರ್ಷದಲ್ಲಿ ನಾನು ಅವಳನ್ನು ಕರೆದೇ ಇರಲಿಲ್ಲ" ಎಂದರು.

ಅಲ್‌ಫುರ್ಕಾನ್ ಅಧ್ಯಾಯವು ಪರಮ ದಯಾಮಯನ ದಾಸರ ಗುಣಗಳನ್ನು ವಿವರಿಸುತ್ತಾ, ತಮ್ಮ ಸಂಗಾತಿಗಳಿಂದಲೂ ಸಂತತಿಯಿಂದಲೂ ತಮಗೆ ಕಣ್ಣಿನ ತಂಪನ್ನು ದಯಪಾಲಿಸಬೇಕೆಂದು ಅವರು ಅಲ್ಲಾಹನಲ್ಲಿ ಬೇಡುತ್ತಾರೆ ಎನ್ನುತ್ತದೆ. ತಂಪು 'ನಮಗೆ' ಬರಬೇಕಾದದ್ದು. ಅದನ್ನು ಕೊಡುವವನು ಅವನು, ಆದ್ದರಿಂದ ಅವನಲ್ಲಿ ಬೇಡುತ್ತೇವೆ. ಬೇಡಿದ ಕೈಗಳನ್ನು ಮುಖಕ್ಕೆ ಸವರಿ ಎದ್ದ ಮೇಲೆ ಮಾಡಬೇಕಾದ ಕೆಲಸ 'ನಾನು' ಮಾಡಬೇಕಾದದ್ದು.

ಓದುಗ ಸಹೋದರ ಸಹೋದರಿಯರೇ, ಈ ಪುಟ ಮುಚ್ಚಿದ ಮೇಲೆ ನಿಮ್ಮ ಮನೆಯವರ ಬಳಿ ಹೋಗಿ ಒಂದು ಮಾತು ಕೇಳಿ. ಉತ್ತರ ಮುಗಿಯುವವರೆಗೆ ಕುಳಿತಿರಿ. ಒಲವು ಬತ್ತಿದ ಮನೆಗಳಿಗೆ ಅಲ್ಲಾಹನು ತನ್ನ ಕರುಣೆಯಿಂದ ತಂಪನ್ನು ಮರಳಿ ಕರುಣಿಸಲಿ. ಆಮೀನ್.